ಮೂಲೆಯ ಬೋರ್ಡಿನಲ್ಲಿ ನಿಮ್ಮ ನಂಬರು

ರೀ,

ನಿಮ್ಮ ಫೋನೂ ಕಾರಿನ ಕೀಲಿಯೂ ನನ್ನ ಹತ್ತಿರ ಇವೆ. ಮನೆಯೆಲ್ಲ ತಡಕಾಡಬೇಡಿ.

ನಿನ್ನೆ ನಿಮ್ಮ ಸ್ವಯಂಸೇವಕರ ದಂಡು ರಸ್ತೆ ಮೂಲೆಯಲ್ಲಿ ಮಾಹಿತಿ ಬೋರ್ಡು ಹಾಕುವಾಗ ಏಣಿ ಹಿಡಿದವಳು ನಾನೇ. ಅದರಲ್ಲಿ "ತುರ್ತಿಗೆ ವಾಹನ ಬೇಕಾದರೆ" ಅಂತ ನಿಮ್ಮ ನಂಬರು ಇದ್ದದ್ದು ಮಾತ್ರ ಕೆಳಗಿನಿಂದ ಕಾಣಲಿಲ್ಲ. ಆಂಬುಲೆನ್ಸ್ ಓಡಿಸಿ ನಿವೃತ್ತರಾದವರು, ಸರಿ. ಎದೆಯ ಆಪರೇಷನ್ನಿನ ಗಾಯ ಇನ್ನೂ ಮಾಗಿಲ್ಲ. ನಂಬರು ಕೊಡುವ ಮುಂಚೆ ನನ್ನನ್ನೊಂದು ಮಾತು ಕೇಳಬಾರದಿತ್ತೇ?

ಈಗ ನೀವು ಮಲಗಿದ್ದಾಗ ಫೋನ್ ಬಂತು. ಬೈಯೋಣ ಅಂತಲೇ ಎತ್ತಿದೆ. ಹಿಂದಿನ ಬೀದಿಯ ದರ್ಜಿ. ಹೆಂಡತಿಗೆ ಹೆರಿಗೆ ನೋವು ಶುರುವಾಗಿದೆಯಂತೆ. ಬೈಗುಳ ಬಾಯಲ್ಲೇ ಉಳಿಯಿತು.

ನಾನೇ ಹೊರಟೆ. ಅವಸರದಲ್ಲಿ ಗೀಚಿದ್ದೇನೆ, ಅಕ್ಷರ ನೋಡಿ ನಗಬೇಡಿ. ನೀವು ಕಲಿಸಿದ ಹಾಗೇ ಓಡಿಸುತ್ತೇನೆ, ನಿಮ್ಮ ಕೂಗಾಟ ಒಂದು ಬಿಟ್ಟು.

ಮಾತ್ರೆ ಲೋಟದ ಪಕ್ಕದಲ್ಲಿದೆ, ನುಂಗಿ. ನನ್ನ ಹಿಂದೆಯೇ ಆಸ್ಪತ್ರೆಗೆ ನಡೆದುಕೊಂಡು ಬಂದೀರಿ, ಜೋಕೆ!

ಬೋರ್ಡಿನವರು ಬಂದರೆ ಏಣಿ ಮುಟ್ಟಬೇಡಿ. ಕುರ್ಚಿಯಲ್ಲಿ ಕೂತುಕೊಂಡೇ ಹೇಳಿ, ನಿಮ್ಮ ನಂಬರು ಅಳಿಸಿ ನನ್ನದು ಬರೆಯಲಿ.