ಚಿತ್ರ ನಿಂತುಹೋದ ಭಾನುವಾರ

ಮೊಂಟೆವಿಡಿಯೊ
೧೪ ಜುಲೈ ೨೦೨೨

ಟಾಕ್ವರೆಂಬೊ ಪಟ್ಟಣದ ಸಮಸ್ತ ಕರಿದ ರೊಟ್ಟಿಗಳ ಚಕ್ರವರ್ತಿನಿಯೂ, ಆರು ಕೋಳಿಗಳ ಏಕಮಾತ್ರ ಪಾಲಕಿಯೂ, ರಿಮೋಟುಗಳ ಜನ್ಮವೈರಿಯೂ ಆದ ಶ್ರೀಮದಜ್ಜಿ ನಿಲ್ದಾ ಅವರ ದಿವ್ಯ ಸನ್ನಿಧಾನಕ್ಕೆ,

ಮೊಮ್ಮಗ ರಮಿರೊ ಎದ್ದು ನಿಂತು, ಟೋಪಿ ತೆಗೆದು ಮಾಡುವ ಬಿನ್ನಹ.

ನೀನು ಬಸ್ಸಿನಲ್ಲಿ ಕಳಿಸಿದ ಮೆಂಬ್ರಿಯೊ ಹಣ್ಣಿನ ಹಲ್ವ ತಲುಪಿ ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಹಲ್ವ ಮಾತ್ರ ತಡಮಾಡಲಿಲ್ಲ, ಎರಡೇ ದಿನಕ್ಕೆ ಮುಗಿಯಿತು. ಪ್ರತಿ ಭಾನುವಾರ ಮುಖ ನೋಡಿ ಮಾತಾಡುವವನಿಗೆ ಕಾಗದ ಯಾಕೆ ಎನ್ನುತ್ತೀಯ. ಅಲ್ಲಿ ಅಜ್ಜ ಪಕ್ಕದಲ್ಲೇ ಕೂತಿರುತ್ತಾನೆ. ನಿನ್ನೊಬ್ಬಳಿಗೇ ಹೇಳಬೇಕಾದದ್ದು ಇದೆ.

ಮೊದಲು ಆ ಕಂಪ್ಯೂಟರಿನ ಚರಿತ್ರೆ. ಫೋನಿನಲ್ಲಿ ಅಜ್ಜ ನನ್ನನ್ನು ಎರಡು ಸಲ “ಯಾರಪ್ಪಾ ನೀನು?” ಎಂದು ಕೇಳಿದನಲ್ಲ, ಆಗ ನೀನು, “ಮುಖ ಅವರೆಕಾಳಿನಷ್ಟು ಕಂಡ್ರೆ ಯಾರಿಗೆ ಗುರ್ತು ಸಿಗುತ್ತೋ?” ಎಂದೆ. ಅಂದೇ ಪ್ರತಿಜ್ಞೆ ಮಾಡಿದೆ: ಅಜ್ಜ ನನ್ನ ಗುರುತು ಹಿಡಿಯುವಂಥ ಯಂತ್ರ ತಂದೇ ತರುತ್ತೇನೆ. ಅಮ್ಮ ಮಡಚುವ ಕಂಪ್ಯೂಟರ್ ಸಾಕೆಂದಳು. ನೂರು ಗುಂಡಿ! ನಾನು ಜೇಬಿನಲ್ಲಿ ಹಿಟ್ಟು ತುಂಬಿಕೊಂಡು ಅಂಗಡಿಗೆ ಹೋದೆ. ನಿನ್ನ ಕೈ ಯಾವಾಗಲೂ ಹಿಟ್ಟಿನಲ್ಲೇ ಇರುವುದರಿಂದ, ಹಿಟ್ಟಿನ ಕೈಯಲ್ಲೇ ಅಲ್ಲಿದ್ದ ಒಂದೊಂದು ಯಂತ್ರವನ್ನೂ ಒತ್ತಿ ಪರೀಕ್ಷಿಸಿದೆ.

“ಏ ಮಹರಾಯ, ಕಂಪ್ಯೂಟರ್ ತಗೊಳ್ಳೋಕೆ ಬಂದ್ಯೋ, ರೊಟ್ಟಿ ತಟ್ಟೋಕೆ ಬಂದ್ಯೋ?” ಎಂದು ಅಂಗಡಿಯವನು ಕೂಗಿಕೊಂಡ.

ಕೊನೆಗೆ ಗೆದ್ದದ್ದು ಟಿವಿಯ ಹಿಂದೆ ಕೂರುವ ಈ ಪುಟ್ಟ ಡಬ್ಬಿ. ಒಂದೇ ಗುಂಡಿ. ನನ್ನ ಮುಖ ನಿಮ್ಮ ಹಜಾರದಲ್ಲಿ ಕುಂಬಳಕಾಯಿಯಷ್ಟು! ಮೊದಲ ಭಾನುವಾರವೇ ಅಜ್ಜ, “ರಮಿರೋ, ಬಂದ್ಯೇನೋ ಕಳ್ಳಾ!” ಎಂದ. ಆಮೇಲೆ ಪ್ರತಿ ವಾರವೂ ಹಾಗೇ. ಅಮ್ಮ ಕರವಸ್ತ್ರ ಸಿಗದೆ ನನ್ನ ತೋಳಿಗೇ ಕಣ್ಣೊರೆಸಿಕೊಂಡಳು.

ಆ ಭಾನುವಾರಗಳಿಗಾಗಿ ನಿನಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ ಅಜ್ಜಿ. ನಿನ್ನ ಕೋಳಿಗಳು ದಿನವೂ ಮೊಟ್ಟೆಯಿಡಲಿ, ನಿನ್ನ ಮಂಡಿನೋವು ಪಕ್ಕದ ಮನೆಯವಳಿಗೆ ಹೋಗಲಿ.

ನಿನ್ನ ಹಿಟ್ಟಿನ ಕೈಗೆ ಮುತ್ತಿಟ್ಟು,
ರಮಿರೊ

ತಾ.ಕ.: ಕಳೆದ ಭಾನುವಾರ ಚಿತ್ರ ನಿಂತುಹೋಯಿತೆಂದು ಡಬ್ಬಿಯನ್ನು ಬೈಯಬೇಡ. ಅದು ನೆಟ್ಟಗೇ ಇತ್ತು. ಆಮೇಲೆ “ಭೋ” ಎಂದು ಹೆದರಿಸೋಣವೆಂದು ನಾನೇ ರೆಪ್ಪೆ ಬಡಿಯದೆ ಕೂತಿದ್ದೆ. ಎಲ್ಲವೂ ಕೇಳಿಸುತ್ತಿತ್ತು.

“ನಿಲ್ದಾ, ಈ ಹುಡ್ಗ ಯಾರೇ?” ಎಂದ ಅಜ್ಜ.

“ಶ್! ಸದ್ಯ, ನಿಂತೋಗಿದೆ, ಅವನಿಗೆ ಕೇಳ್ಸಲ್ಲ. ರಮಿರೊ ಅಂತ ಬೆಳಿಗ್ಗೆಯಿಂದ ಎಷ್ಟು ಸಲ ಹೇಳ್ಕೊಡ್ಲಿ ನಿಂಗೆ?”

“ಯಾರಾದ್ರೇನು, ಮನೆಗೆ ಬಂದವ್ನು. ಬಾಯೊಣಗಿಸ್ಕೊಂಡು ಕೂತವ್ನೆ ಪಾಪ.” ಹಾಗೆಂದು ಅಜ್ಜ ತಾನು ಕುಡಿಯುತ್ತಿದ್ದ ಮಾಟೆ ಎಲೆ ಕಷಾಯದ ಸೋರೆಬುರುಡೆಗೆ ಬಿಸಿನೀರು ತುಂಬಿ, ನನ್ನತ್ತ ಚಾಚಿ, ನಾನು ತೆಗೆದುಕೊಳ್ಳಲೆಂದು ಕಾದ.

ಇನ್ನು ಅವನಿಗೆ ಹೇಳಿಕೊಡುವ ಶ್ರಮ ಬೇಡ ಅಜ್ಜಿ. ಯಾರೋ ಬಂದವನಾಗಿಯೇ ಬರುತ್ತೇನೆ, ಆ ಬುರುಡೆ ಸಾಕು.

ಅಂದು “ಭೋ” ಎನ್ನಲೇ ಇಲ್ಲ. ಆಮೇಲೆ ಇಲ್ಲಿ ಕರೆಂಟು ಹೋಗಿತ್ತು ಎಂದು ಹೇಳಿಕಳಿಸಿದೆನಲ್ಲ, ಅದೂ ಸುಳ್ಳು. ವೈರು ಕಿತ್ತವನು ನಾನೇ.