ಮಗಳ ಫ್ಲ್ಯಾಟಿನ ನೆಲಮಾಳಿಗೆ

ಕೋಮ್, ಶುಕ್ರವಾರ

ಅಣ್ಣನಿಗೆ ಕಾಜೆಮನ ಸಲಾಂ. ಫರ್ಜಾನೆಯ ಹೊಸ ಫ್ಲ್ಯಾಟಿನಲ್ಲಿ ಬಿಸಿಲೇರಿದರೆ ಸರಿದು ಕೂರಲು ತಂಪು ಕೋಣೆಯೇ ಇಲ್ಲ; ಕಿಟಕಿಯಿಂದ ಕಿಟಕಿಗೆ ಅಲೆಯುತ್ತೇನೆ. ನಿನ್ನೆ ಮಧ್ಯಾಹ್ನ ಕರೆಂಟು ಹೋಯಿತು. ಯಜ್ದ್ ಊರಿನ ನಮ್ಮ ಮನೆಯ ಅಭ್ಯಾಸದಂತೆ ದಿಂಬು ಹಿಡಿದು ನೆಲಮಾಳಿಗೆಗಿಳಿದು ಮಲಗಿದೆ. ಅದು ಕಾರು ನಿಲ್ಲಿಸುವ ಜಾಗವಂತೆ. ಯಾರೋ ಹಾರ್ನ್ ಹೊಡೆದು ಎಬ್ಬಿಸಿದರು.

ಮಗಳು ಓಡಿಬಂದಳು. "ಅಪ್ಪಾ, ನೋಡಿದವ್ರು ಏನಂದ್ಕೋತಾರೆ? ಮೇಲೆ ನಡಿ."

"ಮೇಲೆ ಗಾಳಿ ಎಲ್ಲಿದೆ ತಾಯಿ?"

"ಕರೆಂಟು ಬಂದ್ರೆ ಬರುತ್ತೆ."

ಮೈತುಂಬ ಬೆವರುಸಾಲೆ, ಬೇರೆ ಕಾಯಿಲೆಯಿಲ್ಲ. ಗಾಳಿ ಹಿಡಿದು ನೆಲಮಾಳಿಗೆಗೆ ಇಳಿಸುವ ಗೋಪುರದ ಸಮೇತ ನಮ್ಮ ಯಜ್ದ್ ಮನೆ ಕೆಡವಿ ಫ್ಲ್ಯಾಟು ಕಟ್ಟಿಸಲು ನಾನು ಹೂಂ ಎಂದಿದ್ದೆನಲ್ಲ, ಈಗ ಒಪ್ಪುವುದಿಲ್ಲ. ನಾಳೆಯೇ ಬಸ್ಸು ಹತ್ತುತ್ತೇನೆ. ಅಷ್ಟರಲ್ಲಿ ಕೆಡವುವವರು ಬಂದರೆ ಜಗಳವಾಡಬೇಡ. ಊಟ ಹಾಕಿ, ನಮ್ಮ ನೆಲಮಾಳಿಗೆಯಲ್ಲಿ ಚಾಪೆ ಹಾಸಿಕೊಡು. ನಾನು ಬರುವತನಕ ಅವರು ಏಳುವುದಿಲ್ಲ.