ದೇವರ ಮುಂದಿಟ್ಟ ಓಲೆ

ನವೆಂಬರ್ ೧೪, ಗುರುವಾರ

ಮಗಳು ಅಪೇಕ್ಷಾ ಆನ್‌ಲೈನಿನಲ್ಲಿ ತರಿಸಿದ ವಜ್ರದ ಓಲೆ ಇವತ್ತು ಬಂತು. ಒಂದನ್ನು ಕಿವಿಗೆ ಹಿಡಿದು ಕನ್ನಡಿ ನೋಡಿಕೊಂಡಳು. ಥೇಟ್ ನಮ್ಮಮ್ಮ! ಆದರೂ ಕಿತ್ತುಕೊಂಡು ದೇವರ ಮುಂದಿಟ್ಟೆ.

“ಮೂರು ದಿನ ಇರಲಿ ಕಣಮ್ಮ. ವಜ್ರ ಎಲ್ರಿಗೂ ಆಗಿಬರಲ್ಲ.”

“ಆಗಿಬರದಿದ್ರೆ ರಿಟರ್ನ್ ಮಾಡಣ ಬಿಡಮ್ಮ, ಟೈಮಿದೆ,” ಎಂದು ನಕ್ಕಳು.

ಚಿಂತಾಮಣಿಯ ಒಡವೆ ಅಂಗಡಿ ಶೆಟ್ಟರೂ ಹೀಗೇ ಹೇಳಿದ್ದರು. ಅಮ್ಮನಿಗೆ ಏಳು ಕಲ್ಲಿನ ವಜ್ರದ ಓಲೆ ತರಲು ಹೋದಾಗ ಅಪ್ಪನ ಜೊತೆ ನಾನೂ ಇದ್ದೆ. ಶೆಟ್ಟರು ರಸೀದಿಯನ್ನೂ ಬರೆಯದೆ, ಓಲೆಯನ್ನು ಗುಲಾಬಿ ಬಣ್ಣದ ಕಾಗದದಲ್ಲಿ ಮಡಿಸಿ ಕೊಟ್ಟರು. “ತಕ್ಕೊಂಡು ಹೋಗಿ ಮೇಷ್ಟ್ರೆ. ಮನೇಲಿ ಏನಾದ್ರೂ ಕೆಟ್ಟದ್ದು ಕಂಡ್ರೆ ವಾಪಸ್ ತನ್ನಿ, ನಾನೇನೂ ಅನ್ಕೊಳಲ್ಲ.” ಆ ಕಾಗದದ ಸರಸರ ಸದ್ದು ಇನ್ನೂ ಕಿವಿಯಲ್ಲಿದೆ.

ಮಾರನೇ ದಿನವೇ ಅಮ್ಮ ಬಚ್ಚಲಲ್ಲಿ ಜಾರಿಬಿದ್ದಳು. ಪಾದ ಊದಿಕೊಂಡಿತು. ಸದ್ದು ಕೇಳಿ ಓಡಿಬಂದ ನನ್ನ ಬಾಯಿ ಮುಚ್ಚಿ, “ಅಪ್ಪಂಗೆ ಹೇಳಬೇಡ ಕಣೇ, ಓಲೆ ವಾಪಸ್ ಕೊಟ್ಟುಬಿಡ್ತಾರೆ,” ಎಂದಳು. ಅಪ್ಪ ಮನೆಯಲ್ಲಿದ್ದಷ್ಟು ಹೊತ್ತೂ ಹಲ್ಲು ಕಚ್ಚಿಕೊಂಡು, ಕುಂಟದೆ ಓಡಾಡಿದಳು. ಆಮೇಲೆ ಆ ಓಲೆ ಹಾಕಿಕೊಂಡೇ ನಲವತ್ತು ವರ್ಷ ನಗುನಗುತ್ತಾ ಬಾಳಿದಳು. ಅದು ಆಗಿಬರಲಿಲ್ಲ ಎನ್ನುವುದಕ್ಕೆ ಯಾರಿಗೆ ಬಾಯಿ ಬರುತ್ತದೆ?

ಇವತ್ತು ಸಂಜೆ ಓಲೆಯ ಪಕ್ಕದಲ್ಲಿ ಹಚ್ಚಿಟ್ಟಿದ್ದ ದೀಪ ಆರಿಹೋಯಿತು. ಎಣ್ಣೆ ತುಂಬಾ ಇತ್ತು, ಗಾಳಿಯೂ ಇರಲಿಲ್ಲ. ಗೋಡೆಯ ಮೇಲಿನ ಅಪ್ಪನ ಫೋಟೋ ಕಡೆ ನೋಡದೆ, ಬೇಗ ಮತ್ತೆ ಹಚ್ಚಿಬಿಟ್ಟೆ.